ಪ್ರಧಾನ ಮೇಕೆ ಅಧಿಕಾರಿ

ಆ ಆಫೀಸಿನಲ್ಲಿ ಒಬ್ಬನನ್ನು ಗೌರವವಾಗಿ ಕಳಿಸಿಕೊಡಲು ತಗಲುವ ಖರ್ಚು ಇಷ್ಟು: ಒಂದು ಕಿಲೋ ಕೇಕು, ಒಂದು ಗೋಡೆ ಗಡಿಯಾರ, ಎಲ್ಲರೂ ಸಹಿ ಹಾಕಿದ ದೊಡ್ಡದೊಂದು ಕಾರ್ಡು, ಮ್ಯಾನೇಜರ್ ಸಾಹೇಬರ ಐದು ನಿಮಿಷದ ಮಾತು, ಮತ್ತು ಕೇಕಿನ ಕೊನೆಯ ತುಂಡು ಯಾರಿಗೆ ಎಂಬ ಬಗ್ಗೆ ಮಧ್ಯಾಹ್ನದವರೆಗಿನ ಮುನಿಸು. ಕುರ್ಚಿಗೆ ಖರ್ಚಿಲ್ಲ, ಅದನ್ನು ಪಕ್ಕದವರು ಬಿಟ್ಟಿಯಾಗಿ ಎಳೆದುಕೊಳ್ಳುತ್ತಾರೆ. ಹೋಗುವವನಿಗೆ ತಾನು ಹೋಗುತ್ತಿದ್ದೇನೆ ಎಂಬುದು ಗೊತ್ತಿರಬೇಕು ಎಂದು ಮಾತ್ರ ಯಾವ ನಿಯಮದಲ್ಲೂ ಇರಲಿಲ್ಲ. ಇದ್ದಿದ್ದರೆ ಬ್ರಾಕೆಟ್‌ನ ಪಾಡು ಹೀಗಾಗುತ್ತಿರಲಿಲ್ಲ.

ಬ್ರಾಕೆಟ್ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪ್ರೋಗ್ರಾಂ ಬರೆಯುವಾಗ ಬ್ರಾಕೆಟ್ ತೆರೆಯುತ್ತಾನೆ, ಮುಚ್ಚಲು ಮರೆಯುತ್ತಾನೆ ಎಂದು ಅವನ ತಪ್ಪು ಹುಡುಕುವುದೇ ಕಸುಬಾಗಿದ್ದ ಟೆಸ್ಟರ್ ಇಟ್ಟ ಹೆಸರು ಅದು. ಮನೆಯಲ್ಲೂ ಅಷ್ಟೇ. ಡಬ್ಬಿ ಅಡುಗೆಮನೆಯಲ್ಲಿದ್ದರೆ ಮುಚ್ಚಳ ಹಾಸಿಗೆಯ ಮೇಲೆ. "ಇವರು ಬಾಗಿಲು ತೆಗೆದು ಹೋದ್ರೆ ಕಳ್ಳನೇ ಬಂದು ಮುಚ್ಚಬೇಕು" ಎಂದು ಔಷಧಿ ಅಂಗಡಿಯಲ್ಲಿ ಕೂರುವ ಅವನ ಹೆಂಡತಿ ಗಿರಾಕಿಗಳ ಮುಂದೆ ಹೇಳುವುದಿತ್ತು. ಉಳಿದಂತೆ ಒಳ್ಳೆಯವನು. ಒಂದೇ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದು ಕಿಟಕಿ ಪಕ್ಕದ ಜಾಗದವರೆಗೆ ಬಂದಿದ್ದ. ಅದಕ್ಕಿಂತ ಮೇಲಕ್ಕೆ ಹೋಗುವ ಆಸೆಯೂ ಅವನಿಗಿರಲಿಲ್ಲ, ದಾರಿಯೂ ಇರಲಿಲ್ಲ.

ಅವನ ಮಹಡಿಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಒಂದು ನೇಮವಿತ್ತು. ಬೆಳಿಗ್ಗೆ ಚಹಾ ಮೆಷಿನ್ನಿನ ಮುಂದೆ ನಿಂತು ತಮ್ಮ ಉದ್ಯಮದ ಸುದ್ದಿಯನ್ನು ಗಟ್ಟಿಯಾಗಿ ಓದುವುದು, ಓದಿ ನಗುವುದು. ನಗದಿದ್ದರೆ ಅಳಬೇಕಾದಂಥ ಸುದ್ದಿಗಳೇ ಹೆಚ್ಚಾಗಿದ್ದುದರಿಂದ ಇದು ಆರೋಗ್ಯಕ್ಕೂ ಒಳ್ಳೆಯದಾಗಿತ್ತು. ಅದರಲ್ಲೂ ಯಾವನಾದರೂ ದೊಡ್ಡ ಯಜಮಾನ "ಇನ್ನಾರು ತಿಂಗಳಲ್ಲಿ ಪ್ರೋಗ್ರಾಂ ಬರೆಯುವ ಕೆಲಸವೇ ಇರುವುದಿಲ್ಲ, ಎಲ್ಲವನ್ನೂ ಯಂತ್ರವೇ ಬರೆಯುತ್ತದೆ" ಎಂದು ಸಾರಿದ ದಿನ ವಿಶೇಷ. ಅಂದು ಎಲ್ಲರೂ ಆಫೀಸಿನ ಚಾಟಿನಲ್ಲಿ ತಮ್ಮ ಹೆಸರಿನ ಕೆಳಗಿರುವ ಹುದ್ದೆಯನ್ನು ತೆಗೆದು, ಆರು ತಿಂಗಳಾದ ಮೇಲೆ ಹಿಡಿಯಲಿರುವ ಕಸುಬನ್ನು ಹಾಕಿಕೊಳ್ಳಬೇಕು. ಸಂಜೆ ತೆಗೆಯಬೇಕು. ಎಲ್ಲರನ್ನೂ ನಗಿಸಿದವನಿಗೆ ಉಳಿದವರು ಬಿಸ್ಕತ್ತು ಕೊಡಿಸಬೇಕು.

ಆ ಬೆಳಿಗ್ಗೆ ಟೆಸ್ಟರ್ ಫೋನ್ ಎತ್ತಿ ಹಿಡಿದು, "ಬಂತಪ್ಪಾ ಆರು ತಿಂಗಳು!" ಎಂದು ಕೂಗಿದ.

"ಹೋದ ವರ್ಷದ್ದೇ ಆರು ತಿಂಗಳಾ, ಹೊಸಾದಾ?" ಎಂದಳು ಡೇಟಾಬೇಸ್ ನೋಡಿಕೊಳ್ಳುವ ಹುಡುಗಿ.

"ಹಳೇದೇ. ಸಾಲ ತಗೊಂಡೋನು ಹೇಳೋ ನಾಳೆ ಇದ್ದ ಹಾಗೆ. ಬರೋದೇ ಇಲ್ಲ."

"ಅಲ್ಲಾ, ಯಂತ್ರ ಬರೆದಿದ್ದು ತಪ್ಪಾದ್ರೆ ಯಾರಿಗೆ ಬೈತಾರಂತೆ?"

"ಅದಕ್ಕೆ ಅಂತ ನಾಲ್ಕು ಜನ ಮನುಷ್ಯರನ್ನ ಇಟ್ಕೋತಾರಂತೆ. ಬೈಸ್ಕೊಳ್ಳೋ ಯಂತ್ರ ಇನ್ನೂ ಬಂದಿಲ್ವಂತೆ."

ಟೆಸ್ಟರ್ ತನ್ನ ಹೆಸರಿನ ಕೆಳಗೆ "ಬಲೂನ್ ವ್ಯಾಪಾರಿ" ಎಂದು ಬರೆದುಕೊಂಡ. ನೀರು ಕಂಡರೆ ಹೆದರುವ ಡೇಟಾಬೇಸ್ ಹುಡುಗಿ "ಈಜು ಶಿಕ್ಷಕಿ" ಆದಳು. ಬ್ರಾಕೆಟ್ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಫೋನ್ ಹಿಡಿದು, ಹೆಬ್ಬೆರಳಲ್ಲೇ "ಪ್ರಧಾನ ಮೇಕೆ ಅಧಿಕಾರಿ" ಎಂದು ಒತ್ತಿದ. ಫೋನು "ಕಂಪನಿಯ ಹೆಸರು?" ಎಂದು ಕೇಳಿತು. ಚಾಟು ಹಿಂದೆಂದೂ ಹೀಗೆ ಕೇಳಿದ್ದಿಲ್ಲ. ಹೊಸ ಸೌಲಭ್ಯ ಇರಬೇಕು ಅಂದುಕೊಂಡ. ಊರಾಚೆ ಮಾವನ ಮನೆಯ ಹಿತ್ತಲಲ್ಲಿ ಒಂದು ಖಾಲಿ ಕೊಟ್ಟಿಗೆ ಇದ್ದದ್ದು ನೆನಪಾಗಿ "ಮಾವ ಫಾರ್ಮ್ಸ್" ಎಂದು ತುಂಬಿದ. ಅಷ್ಟರಲ್ಲಿ ಮೀಟಿಂಗಿಗೆ ಕರೆ ಬಂತು. ಬಿಸ್ಕತ್ತು ಯಾರಿಗೆಂದು ತೀರ್ಮಾನವಾಗಲಿಲ್ಲ.

ಫೋನಿನಲ್ಲಿ ತೆರೆದುಕೊಂಡಿದ್ದ ಎರಡು ಕಿಟಕಿಗಳಲ್ಲಿ ಬ್ರಾಕೆಟ್ ಬರೆದದ್ದು ಆಫೀಸಿನ ಚಾಟಿನಲ್ಲಲ್ಲ. ಕೆಲಸ ಹುಡುಕುವವರು, ಕೆಲಸ ಕೊಡುವವರು, ಎರಡೂ ಅಲ್ಲದೆ ಇತರರ ಏಳಿಗೆ ನೋಡಿ ಹೊಟ್ಟೆ ಉರಿಸಿಕೊಳ್ಳುವವರು ಸೇರುವ ಒಂದು ಜಾಲತಾಣವಿದೆಯಲ್ಲ, ಅದರಲ್ಲಿ. ಅದು ತನ್ನ ಧರ್ಮದಂತೆ ಅವನಿಗೆ ಗೊತ್ತಿದ್ದವರಿಗೆಲ್ಲ, ಗೊತ್ತಿಲ್ಲದ ಎಷ್ಟೋ ಜನಕ್ಕೂ, "ಇವರು ಹೊಸ ಹುದ್ದೆಗೆ ಸೇರಿದ್ದಾರೆ, ಅಭಿನಂದಿಸಿ" ಎಂದು ಡಂಗುರ ಹೊಡೆಯಿತು.

ಸಂಜೆ ಮನೆಗೆ ಬಂದು ಫೋನ್ ನೋಡಿದ ಬ್ರಾಕೆಟ್ ಸೋಫಾದ ಮೇಲೆ ಕುಸಿದ. ಇನ್ನೂರಕ್ಕೂ ಮೇಲೆ ಅಭಿನಂದನೆಗಳು! ಕಾಲೇಜಿನಲ್ಲಿ ಇವನನ್ನು ಕಣ್ಣೆತ್ತಿಯೂ ನೋಡದಿದ್ದ ಸಹಪಾಠಿ, ಈಗ ಹಡಗಿನಂಥ ಕಾರಿನಲ್ಲಿ ಓಡಾಡುವವನು, "ನಿನ್ನ ಧೈರ್ಯ ನನಗಿಲ್ಲ ಗೆಳೆಯಾ" ಎಂದು ಬರೆದಿದ್ದ. "ಅಲ್ಲಿ ಇನ್ನೊಂದು ಕೆಲಸ ಖಾಲಿ ಇದೆಯಾ? ಸಂಬಳ ಕಡಿಮೆಯಾದರೂ ಚಿಂತೆಯಿಲ್ಲ, ಮೀಟಿಂಗ್ ಇರಬಾರದು" ಎಂದು ಕೇಳಿದವರೇ ಒಂದು ಬಸ್ಸು ತುಂಬುವಷ್ಟಿದ್ದರು. ಎರಡು ವರ್ಷ ಒದ್ದಾಡಿ ಮುಗಿಸಿದ ಪ್ರಾಜೆಕ್ಟಿನ ಬಗ್ಗೆ ಹಿಂದೊಮ್ಮೆ ಇದೇ ಜಾಗದಲ್ಲಿ ಬರೆದಾಗ ಅವನಿಗೆ ಸಿಕ್ಕಿದ್ದು ನಾಲ್ಕು ಅಭಿನಂದನೆ. ಅದರಲ್ಲಿ ಒಂದು ಹೆಂಡತಿಯದು, ಒಂದು ಕೈತಪ್ಪಿ ಅವನೇ ಒತ್ತಿಕೊಂಡದ್ದು.

"ಅಳಿಸಿಬಿಡ್ರಿ ಅದನ್ನ" ಎಂದಳು ಹೆಂಡತಿ.

"ಬೆಳಿಗ್ಗೆ ಅಳಿಸ್ತೀನಿ ಬಿಡು. ಇನ್ನೂ ಬರ್ತಾ ಇದೆ."

ಅಳಿಸುವ ಕೆಲಸವನ್ನು ಬೆಳಿಗ್ಗೆಗೆ ಮುಂದೂಡುವವನನ್ನು ದೇವರೂ ಕಾಯುವುದಿಲ್ಲ. ಅವನು ಊಟಕ್ಕೆ ಕೂರುವ ಹೊತ್ತಿಗೆ ಮಾವನ ಫೋನ್ ಬಂತು.

ಮಾವ ದನದ ಡಾಕ್ಟರಾಗಿ ನಿವೃತ್ತರಾದವರು. ಸಂಬಂಧ ಕುದುರಿಸುವಾಗ ಅವರು ಅಳಿಯನಾಗುವವನನ್ನು ಒಂದೇ ಪ್ರಶ್ನೆ ಕೇಳಿದ್ದರು: "ಏನು ಕೆಲಸ?" ಬ್ರಾಕೆಟ್ ವಿವರಿಸಿದ್ದ. "ಅಂದ್ರೆ ಕಂಪ್ಯೂಟರು ಕೆಟ್ರೆ ರಿಪೇರಿ ಮಾಡ್ತೀರಿ?" "ಇಲ್ಲ." "ಕಂಪ್ಯೂಟರು ಮಾರ್ತೀರಿ?" "ಇಲ್ಲ." "ಮತ್ತೆ?" ಆ 'ಮತ್ತೆ'ಗೆ ಒಂಬತ್ತು ವರ್ಷವಾದರೂ ಉತ್ತರ ಸಿಕ್ಕಿರಲಿಲ್ಲ. ನೆಂಟರು ಕೇಳಿದರೆ ಮಾವ, "ಅಳಿಯಂದಿರು ಎ.ಸಿ. ರೂಮಿನಲ್ಲಿ ಕೂತಿರ್ತಾರೆ" ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಫೋನಿನಲ್ಲಿ ಇಬ್ಬರ ನಡುವೆ "ಹೇಗಿದೀರಿ", "ಚೆನ್ನಾಗಿದೀನಿ", "ಮಗಳಿಗೆ ಕೊಡಿ" ಬಿಟ್ಟು ನಾಲ್ಕನೆಯ ಮಾತು ನಡೆದದ್ದಿಲ್ಲ.

ಅಂಥ ಮಾವ ಈಗ ಫೋನಿನಲ್ಲಿ ಗುಡುಗಿದರು: "ಅಳಿಯಂದಿರೇ! ನನ್ನ ಹೆಸರಲ್ಲೇ ಫಾರ್ಮು ಮಾಡಿದೀರಿ, ನನಗೊಂದು ಮಾತು ಹೇಳಬಾರದಿತ್ತಾ? ಪಕ್ಕದ ಮನೆಯವರು ಫೋನಲ್ಲಿ ತೋರಿಸಿದ ಮೇಲೆ ಗೊತ್ತಾಗಬೇಕಾ?"

"ಮಾವ, ಅದು ತಮಾಷೆ..."

"ತಮಾಷೆ ಅಲ್ಲ ಅಳಿಯಂದಿರೇ! ಮೇಕೆ ಅಂದ್ರೆ ತಮಾಷೆ ವಿಷಯ ಅಲ್ಲ! ಅಲ್ಲೇ ಎಲ್ಲರೂ ತಪ್ಪು ಮಾಡೋದು" ಎಂದವರೇ ಮೇಕೆಯ ಗೊರಸು, ಮೇಕೆಯ ಹಲ್ಲು, ಜಂತುಹುಳು, ಹಟ್ಟಿಗೆ ಗಾಳಿ ಯಾವ ಕಡೆಯಿಂದ ಬರಬೇಕು ಎಂಬುದನ್ನೆಲ್ಲ ಉಸಿರು ತೆಗೆದುಕೊಳ್ಳದೆ ಹೇಳಿದರು. ನಿವೃತ್ತಿಯಾದಾಗಿನಿಂದ ನಾಲ್ಕು ಮೇಕೆ ಸಾಕುವ ಆಸೆ ಅವರಿಗೆ. ಈ ವಯಸ್ಸಿನಲ್ಲಿ ಯಾಕೆ ಎಂದು ಅತ್ತೆ ತಡೆದಿದ್ದರು. "ಅಳಿಯಂದಿರೇ ಕೆಲಸ ಬಿಟ್ಟು ಬರ್ತಿದಾರೆ ಅಂದ ಮೇಲೆ ಅವಳೂ ತೆಪ್ಪಗಾದಳು. ಈಗ್ಲೇ ಎರಡು ಮೇಕೆಗೆ ಮುಂಗಡ ಕೊಟ್ಟು ಬಂದೆ!"

ಫೋನ್ ಇಟ್ಟಾಗ ತಟ್ಟೆಯಲ್ಲಿದ್ದದ್ದು ಆರಿ ಹೋಗಿತ್ತು.

"ಹೇಳಿದ್ರಾ?" ಎಂದಳು ಹೆಂಡತಿ.

"ಹೇಳೋಕೆ ಹೋದೆ. ಗೊರಸು ಮುಗಿದು ಹಲ್ಲು ಶುರುವಾಗೋ ಮಧ್ಯೆ ಒಂದು ಸಂದು ಸಿಗುತ್ತೆ ಅಂದ್ಕೊಂಡೆ. ಸಿಗಲಿಲ್ಲ."

ಅವಳು ಬೈಯಲು ಬಾಯಿ ತೆರೆದಳು, ಬೈಯಲಿಲ್ಲ. "ಅಪ್ಪ ಇಷ್ಟೊಂದು ಮಾತಾಡಿದ್ದನ್ನ ನಾನೇ ಕೇಳಿರಲಿಲ್ಲ" ಎಂದಷ್ಟೇ ಹೇಳಿ ತಟ್ಟೆಗೆ ಬಿಸಿಯದು ಹಾಕಿದಳು. ಬ್ರಾಕೆಟ್‌ಗೆ ಅಳಿಸುವ ಮನಸ್ಸು ಬರಲಿಲ್ಲ.

ಬೆಳಿಗ್ಗೆ ಬಾಗಿಲು ಬಡಿದವರು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಒಳಗೆ ಬರುತ್ತಲೇ ಮೂಗೆತ್ತಿ ಗಾಳಿ ಎಳೆದು ನೋಡಿದರು. ಬಚ್ಚಲಿಗೆ ಇಣುಕಿದರು. ಬಾಲ್ಕನಿಯ ಪರದೆ ಸರಿಸಿದರು.

"ಎಲ್ಲಿವೆ?"

"ಏನು ಸಾರ್?"

"ನನಗೆಲ್ಲಾ ಗೊತ್ತಾಗಿದೆ. ನಿಯಮದ ಪ್ರಕಾರ ಈ ಕಟ್ಟಡದಲ್ಲಿ ಗಿಳಿಗೆ ಮಾತ್ರ ಅವಕಾಶ. ಅದೂ ಮಾತಾಡದ ಗಿಳಿ. ಲಿಫ್ಟಿನಲ್ಲಿ ಎಂಟು ಜನ ಅಂತ ಬೋರ್ಡಿದೆ, ಎಷ್ಟು ಮೇಕೆ ಅಂತ ಇಲ್ಲ. ನಾಳೆ ಯಾವುದಾದ್ರೂ ಮೇಕೆ ಐದನೇ ಮಹಡಿ ಬಟನ್ ಒತ್ತಿದ್ರೆ ಯಾರು ಹೊಣೆ?"

"ಸಾರ್, ಮೇಕೆಗಳು ಇಲ್ಲಿಲ್ಲ. ಮಾವನ ಮನೇಲಿ."

ಕಾರ್ಯದರ್ಶಿಗಳ ಮುಖದ ಗಂಟು ನಿಧಾನವಾಗಿ ಸಡಿಲವಾಯಿತು. ಬಾಗಿಲವರೆಗೆ ಹೋದವರು ಹಿಂದಿರುಗಿ, ಮೆಟ್ಟಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಹಾಗಾದ್ರೆ ಹಿಕ್ಕೆ ಸಿಗುತ್ತಾ? ಒಂದೆರಡು ಚೀಲ? ನನ್ನ ಗುಲಾಬಿ ಈ ವರ್ಷ ಮುಖಾನೇ ಎತ್ತಿಲ್ಲ. ಸಂಘಕ್ಕೆ ಗೊತ್ತಾಗೋದು ಬೇಡ."

ಆಫೀಸಿನಲ್ಲಾದರೂ ನೆಮ್ಮದಿ ಸಿಕ್ಕೀತು ಎಂದು ಬ್ರಾಕೆಟ್ ಹೊರಟ. ಬಾಗಿಲಿಗೆ ಕಾರ್ಡು ತೋರಿಸಿದರೆ ಬಾಗಿಲು ತೆರೆಯಲಿಲ್ಲ. ತಿರುವಿ ತೋರಿಸಿದ. ಅಂಗಿಗೆ ಉಜ್ಜಿ ತೋರಿಸಿದ. ಸಣ್ಣ ಪರದೆಯ ಮೇಲೆ "ನಿಮ್ಮ ಮುಂದಿನ ಜೀವನ ಸುಖಮಯವಾಗಿರಲಿ" ಎಂದು ಮೂಡಿತು.

ಬ್ರಾಕೆಟ್ ಅದನ್ನು ಎರಡು ಸಲ ಓದಿದ. ಆ ವಾಕ್ಯ ಅವನದೇ.

ಎರಡು ವರ್ಷದ ಹಿಂದೆ ಜನ ಹೇಳದೆ ಕೇಳದೆ ಬೇರೆ ಕಂಪನಿಗಳಿಗೆ ಹಾರುತ್ತಿದ್ದ ಕಾಲದಲ್ಲಿ ಕಂಪನಿ ಅವನಿಂದ ಒಂದು ಪ್ರೋಗ್ರಾಂ ಬರೆಸಿತ್ತು. ನೌಕರನೊಬ್ಬ ಹೊರಗೆ ಹೊಸ ಕೆಲಸ ಸೇರಿದ್ದೇನೆ ಎಂದು ಜಾಲತಾಣದಲ್ಲಿ ಹಾಕಿಕೊಂಡರೆ ಅದು ತಾನಾಗಿಯೇ ಪತ್ತೆ ಹಚ್ಚಿ, ಕಾರ್ಡು ರದ್ದು ಮಾಡಿ, ಸಂಬಳ ನಿಲ್ಲಿಸಿ, ಕೇಕಿಗೆ ಹೇಳಿ, ಮ್ಯಾನೇಜರಿಗೆ ಭಾಷಣ ಬರೆದು ಕಳಿಸುತ್ತಿತ್ತು. ಅವನು ಜೀವಮಾನದಲ್ಲಿ ಬರೆದ ಪ್ರೋಗ್ರಾಂಗಳಲ್ಲಿ ತಪ್ಪಿಲ್ಲದೆ ನಡೆದದ್ದು ಅದೊಂದೇ.

ಒಳಗಿನಿಂದ ಎಚ್.ಆರ್. ಮೇಡಂ ಬಂದರು. ಅವರ ಹಿಂದೆ ಕೇಕು, ಕೇಕಿನ ಹಿಂದೆ ಇಡೀ ಮಹಡಿ.

"ಮೇಡಂ, ಅದು ತಮಾಷೆಗೆ ಬರೆದಿದ್ದು."

"ಸಿಸ್ಟಂನಲ್ಲಿ ತಮಾಷೆ ಅನ್ನೋ ಕಾಲಂ ಇಲ್ಲ ಸಾರ್."

"ಆ ಸಿಸ್ಟಂ ಬರೆದಿದ್ದೇ ನಾನು!"

"ಹಾಗಾದ್ರೆ ನಿಮಗೇ ಗೊತ್ತಿರಬೇಕಲ್ಲ. ವಾಪಸ್ ಬರೋ ದಾರಿ ಎಲ್ಲಿದೆ, ತೋರಿಸಿ."

ಬ್ರಾಕೆಟ್ ನೆಲ ನೋಡಿದ. "ಅದನ್ನ ಬರೆದಿಲ್ಲ. ಹೋದವರು ಯಾಕೆ ವಾಪಸ್ ಬರ್ತಾರೆ, ಆಮೇಲೆ ಬರೆದ್ರಾಯ್ತು ಅಂತ ಬಿಟ್ಟಿದ್ದೆ."

"ಈಗ ಬರೀರಿ."

"ಬರೀತೀನಿ, ಒಳಗೆ ಬಿಡಿ."

"ಒಳಗೆ ಬಿಡೋಕೆ ನೀವು ನೌಕರರಾಗಿರಬೇಕು ಸಾರ್."

ಮ್ಯಾನೇಜರ್ ಸಾಹೇಬರು ಗಂಟಲು ಸರಿ ಮಾಡಿಕೊಂಡು, ಯಂತ್ರ ಬರೆದುಕೊಟ್ಟಿದ್ದನ್ನು ಓದಿದರು. "ನಮ್ಮ ಪ್ರೀತಿಯ ಸಹೋದ್ಯೋಗಿ ಇಂದು ಮೇಕೆ ಕ್ಷೇತ್ರಕ್ಕೆ ಕಾಲಿಡುತ್ತಿದ್ದಾರೆ. ನಮ್ಮ ನಷ್ಟ ಮೇಕೆಗಳ ಲಾಭ." ಚಪ್ಪಾಳೆಯೋ ಚಪ್ಪಾಳೆ. ಟೆಸ್ಟರ್ ಹತ್ತಿರ ಬಂದು ತಬ್ಬಿಕೊಂಡು, ಕಿವಿಯಲ್ಲಿ, "ನಾವೆಲ್ಲಾ ಬರೀ ಬಾಯಲ್ಲಿ ಹೇಳ್ತಿದ್ವಿ, ನೀನು ಮಾಡೇ ತೋರಿಸಿದೆಯಲ್ಲೋ ಪುಣ್ಯಾತ್ಮ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಬ್ರಾಕೆಟ್ ನಿಜ ಹೇಳಿದ ಮೇಲೂ ಆ ನೀರು ನಿಲ್ಲಲಿಲ್ಲ, ಕಾರಣ ಮಾತ್ರ ಬದಲಾಯಿತು: ಈಗ ನಕ್ಕು ನಕ್ಕು ಬರುತ್ತಿತ್ತು.

ನಗುವವರಿಗೇನು? ಮನೆ ಬಾಡಿಗೆ ನಗುವುದಿಲ್ಲ. ಹೆಂಡತಿಯ ಒಂದೇ ಸಂಬಳದಲ್ಲಿ ತಿಂಗಳು ತುಂಬುವುದಿಲ್ಲ. ಜಾಲತಾಣದ ಬರಹವನ್ನು ಬ್ರಾಕೆಟ್ ಅಲ್ಲೇ ನಿಂತು ಅಳಿಸಿದ, ಬಾಗಿಲು ಅಲುಗಾಡಲಿಲ್ಲ. ಕೊನೆಗೆ ಎಚ್.ಆರ್. ಮೇಡಂ ಕರುಣೆಯಿಂದ ಒಂದು ಉಪಾಯ ಹೇಳಿದರು. ಹೊಸಬನಾಗಿ ಅರ್ಜಿ ಹಾಕಿ ಸಂದರ್ಶನದಲ್ಲಿ ಗೆದ್ದು ಸೇರಬಹುದು. ಒಂದೇ ತೊಡಕು: ಹಿಂದಿನ ಯಜಮಾನರು, ಅಂದರೆ ಮಾವ ಫಾರ್ಮ್ಸ್‌ನವರು, ಫೋನಿನಲ್ಲಿ "ಇವರನ್ನು ಬಿಟ್ಟುಕೊಟ್ಟಿದ್ದೇವೆ" ಎಂದು ಬಾಯಿಬಿಟ್ಟು ಹೇಳಬೇಕು. ಅದಿಲ್ಲದೆ ಸಿಸ್ಟಂ ಒಪ್ಪುವುದಿಲ್ಲ.

ಆ ಶುಕ್ರವಾರ ಬ್ರಾಕೆಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಂದರ್ಶನಕ್ಕೆ ಕೂತ. ಎದುರಿಗೆ ಟೆಸ್ಟರ್ ಮತ್ತು ಡೇಟಾಬೇಸ್ ಹುಡುಗಿ.

"ಹಿಂದಿನ ಕೆಲಸ ಯಾಕೆ ಬಿಡ್ತಿದೀರಿ?" ಎಂದ ಟೆಸ್ಟರ್.

"ಲೋ, ಸುಮ್ನಿರೋ."

"ಅಭ್ಯರ್ಥಿಗಳು ನಮಗೆ ಬಹುವಚನ ಕೊಡಬೇಕು."

"ಸುಮ್ನಿರಿ ಸಾರ್."

"ಮೇಕೆಗಳ ಜೊತೆ ಹೊಂದಾಣಿಕೆ ಹೇಗಿತ್ತು? ಜಗಳ ಏನಾದ್ರೂ?" ಎಂದಳು ಹುಡುಗಿ, ತುಟಿ ಕಚ್ಚಿ ಹಿಡಿದು.

"ಇನ್ನೂ ಪರಿಚಯ ಆಗಿಲ್ಲ ಮೇಡಂ."

"ಕೊನೇ ಪ್ರಶ್ನೆ. ಯೋಚನೆ ಮಾಡಿ ಹೇಳಿ. ಒಂದು ಬ್ರಾಕೆಟ್ ತೆರೆದ ಮೇಲೆ ಮುಂದೇನು ಮಾಡಬೇಕು?"

"ಮುಚ್ಚಬೇಕು" ಎಂದ ಬ್ರಾಕೆಟ್, ಹಲ್ಲು ಕಡಿಯುತ್ತ.

"ಪಾಸ್!" ಎಂದು ಇಬ್ಬರೂ ಮೇಜು ಗುದ್ದಿದರು.

ಎಚ್.ಆರ್. ಮೇಡಂ ಅದೇ ಮೇಜಿನ ಮೇಲೆ ಫೋನ್ ಇಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಮಾವ ಫಾರ್ಮ್ಸ್‌ಗೆ ಕರೆ ಮಾಡಿದರು. ಬ್ರಾಕೆಟ್ ನಾಲ್ಕು ದಿನದಿಂದ ಮಾವನಿಗೆ ಫೋನ್ ಹಚ್ಚುತ್ತಿದ್ದ. ಹಚ್ಚಿದಾಗಲೆಲ್ಲ ಮೇಕೆಯ ವಿಷಯವೇ ನಡೆದು ನಿಜ ಒಳಗೇ ಉಳಿದಿತ್ತು.

"ಹಲೋ, ಮಾವ ಫಾರ್ಮ್ಸ್!" ದನಿಯಲ್ಲಿ ಠೀವಿ ಇತ್ತು. ಹಿಂದಿನಿಂದ "ಮ್ಯಾ" ಎಂದು ಇನ್ನೊಂದು ದನಿ.

"ಸಾರ್, ನಿಮ್ಮಲ್ಲಿ ಪ್ರಧಾನ ಮೇಕೆ ಅಧಿಕಾರಿ ಆಗಿದ್ದವರ ಹಳೇ ಕಂಪನಿಯಿಂದ ಮಾತಾಡ್ತಿದೀನಿ. ಅವರ ಕೆಲಸ ಹೇಗಿತ್ತು?"

"ಇನ್ನೂ ಬಂದೇ ಇಲ್ಲ. ಆದ್ರೂ ನಂಬಿಕಸ್ಥರು."

"ನಡತೆ?"

"ಒಂಬತ್ತು ವರ್ಷದಿಂದ ನೋಡ್ತಿದೀನಿ. ಎದುರು ಮಾತಾಡಿದ್ದಿಲ್ಲ."

"ಅವರನ್ನ ನೀವು ಬಿಟ್ಟುಕೊಟ್ಟಿದೀರಿ ಅಂತ ಹೇಳಿದ್ರೆ..."

"ಬಿಟ್ಟುಕೊಡೋದಾ?" ಫೋನು ಮೇಜಿನ ಮೇಲೆ ನಡುಗಿತು. "ಯಾಕ್ರೀ ಬಿಟ್ಟುಕೊಡಬೇಕು? ಯಾರ್ರೀ ನೀವು? ಎಷ್ಟು ವರ್ಷ ಇಟ್ಕೊಂಡಿದ್ರಿ, ಅವರು ಏನು ಕೆಲಸ ಮಾಡ್ತಾರೆ ಅಂತ ನಮಗೊಂದು ಮಾತು ಹೇಳಿದ್ರಾ? ಈಗ ಅಪರೂಪಕ್ಕೆ ಅರ್ಥ ಆಗೋ ಕೆಲಸಕ್ಕೆ ಬಂದಿದಾರೆ. ಬಿಡಲ್ಲ!"

ಎಚ್.ಆರ್. ಮೇಡಂ ಫೋನಿನ ಮೇಲೆ ಕೈ ಅಡ್ಡ ಹಿಡಿದು, "ಸಾರ್, ಇವರು ಬಿಡ್ತಿಲ್ಲ" ಎಂದರು. ಟೆಸ್ಟರ್ ಬಿದ್ದುಹೋದ ಪೆನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ನುಸುಳಿ, ನಗುತ್ತ ಅಲ್ಲೇ ಉಳಿದ.

ಬ್ರಾಕೆಟ್ ಫೋನಿನ ಕಡೆ ಬಾಗಿದ. "ಮಾವ, ನಾನು. ತಪ್ಪೆಲ್ಲಾ ನಂದು. ಅದನ್ನ ತಮಾಷೆಗೆ ಬರೆದೆ. ಕೆಲಸ ಬಿಟ್ಟಿರಲಿಲ್ಲ. ಮೇಕೆ ಬಗ್ಗೆ ನಂಗೆ ಏನಂದ್ರೆ ಏನೂ ಗೊತ್ತಿಲ್ಲ."

ಟೆಸ್ಟರ್ ಮೇಜಿನ ಕೆಳಗಿನಿಂದ ಎದ್ದು ಬಂದ. ಆ ಕಡೆ ಮೇಕೆ ಒಮ್ಮೆ "ಮ್ಯಾ" ಎಂದಿತು. ಸಂದರ್ಶನದ ಕೋಣೆಯಲ್ಲಿ ಯಾರೂ ನಗಲಿಲ್ಲ.

"ಗೊತ್ತಿಲ್ಲ ಅನ್ನೋದು ನನಗೆ ಮೊನ್ನೆಯೇ ಗೊತ್ತಾಯ್ತು" ಎಂದರು ಮಾವ. "ಹೋತ ದಿನಕ್ಕೆ ಎಷ್ಟು ಹಾಲು ಕೊಡುತ್ತೆ ಅಂತ ಕೇಳಿದ್ರಲ್ಲ."

"ಮತ್ತೆ ಯಾಕೆ ಸುಮ್ನಿದ್ರಿ ಮಾವ?"

"ಗಂಡು ಮೇಕೆ ಹಾಲು ಕೊಡಲ್ಲ ಅಂತ ಗೊತ್ತಿಲ್ದಿದ್ರೂ ಕೇಳ್ತಾ ಕೂತಿದ್ರಲ್ಲ ಅಳಿಯಂದಿರೇ. ನನ್ನ ಮಾತು ಇಷ್ಟು ದಿನ ಯಾರು ಕೇಳಿದಾರೆ? ನಿಮ್ಮತ್ತೆ ಕೇಳಲ್ಲ. ಈ ಮೇಕೆಗಳೂ ಕೇಳಲ್ಲ." ಅಷ್ಟು ಹೇಳಿ ಮತ್ತೆ ಯಜಮಾನರಾದರು. "ಬಿಡ್ತೀನಿ. ಒಂದು ಷರತ್ತು. ಭಾನುವಾರ ಬರಬೇಕು. ಪ್ರತಿ ಭಾನುವಾರ."

"ನಮ್ಮ ನಿಯಮದಲ್ಲಿ ಎರಡು ಕಡೆ ಕೆಲಸ ಮಾಡೋ ಹಾಗಿಲ್ಲ" ಎಂದು ಎಚ್.ಆರ್. ಮೇಡಂ ನಡುವೆ ಬಾಯಿ ಹಾಕಿದರು.

"ಸಂಬಳ ಕೊಟ್ರೆ ತಾನೇ ಅದು ಕೆಲಸ? ನಾನು ಬಿಡಿಗಾಸು ಕೊಡಲ್ಲ!"

ಸಿಸ್ಟಂ ಒಪ್ಪಿತು. ಸೋಮವಾರ ಬಾಗಿಲು ತೆರೆಯಿತು. ಬ್ರಾಕೆಟ್ ಎಲ್ಲರಿಗಿಂತ ಕಿರಿಯ ನೌಕರನಾಗಿ, ಪ್ರಿಂಟರ್ ಪಕ್ಕದ ಕುರ್ಚಿಯಲ್ಲಿ, ಆರು ತಿಂಗಳ ಪರೀಕ್ಷಾವಧಿಯ ಮೇಲೆ ಸೇರಿಕೊಂಡ. ಅವನ ಹಳೆಯ ಜಾಗ ಅಷ್ಟರಲ್ಲಿ ಟೆಸ್ಟರನ ಪಾಲಾಗಿತ್ತು; "ನಿನ್ನ ನೆನಪಿಗೆ ಇಟ್ಕೊಂಡಿದೀನಿ" ಎಂದು ಅವನು ಕದಲಲಿಲ್ಲ. ಹೋದವರು ವಾಪಸ್ ಬರುವ ದಾರಿಯನ್ನು ಬ್ರಾಕೆಟ್ ಮೊದಲ ದಿನವೇ ಬರೆದು ಮುಗಿಸಿದ. ಆ ದಾರಿ ತೆರೆದ ವಾರದೊಳಗೆ, ಯಂತ್ರವೇ ಸಾಕೆಂದು ಜನರನ್ನು ಮನೆಗೆ ಕಳಿಸಿದ್ದ ಬೇರೊಂದು ಕಂಪನಿಯಿಂದ ಮೂವರು ಹಳಬರು ಅದೇ ದಾರಿಯಲ್ಲಿ ವಾಪಸ್ ಬಂದರು. ಚಹಾ ಮೆಷಿನ್ನಿನ ಮುಂದೆ ಆ ಸುದ್ದಿಯನ್ನು ಮೂರು ಸಲ ಗಟ್ಟಿಯಾಗಿ ಓದಲಾಯಿತು.

ಭಾನುವಾರ ಬ್ರಾಕೆಟ್ ಹೆಂಡತಿಯೊಡನೆ ಮಾವನ ಮನೆಗೆ ಹೋದ. ಕೊಟ್ಟಿಗೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಚೀಲ ಇಟ್ಟು ಮೇಕೆಯ ಕಾಲು ಹಿಡಿದು ನಿಂತ. ಮಾವ ಗೊರಸು ಕತ್ತರಿಸುತ್ತ, ತಲೆ ಎತ್ತದೆಯೇ ಕೇಳಿದರು:

"ಅಳಿಯಂದಿರೇ, ಈ ಪ್ರೋಗ್ರಾಂ ಅಂದ್ರೆ ಏನು?"

ಬ್ರಾಕೆಟ್ ಯೋಚಿಸಿದ. "ಮಾವ, ನಾವು ಊರಲ್ಲಿಲ್ಲ ಅನ್ಕೊಳ್ಳಿ. ಮೇಕೆ ನೋಡ್ಕೊಳ್ಳೋದಕ್ಕೆ ಒಬ್ಬ ಶುದ್ಧ ದಡ್ಡನ್ನ ಬಿಟ್ಟು ಹೋಗ್ತಿದೀವಿ. ಅವನಿಗೆ ಏನೇನು ಮಾಡಬೇಕು, ಯಾವುದಾದ್ಮೇಲೆ ಯಾವುದು, ಏನಾದ್ರೆ ಏನು ಮಾಡಬೇಕು, ಒಂದೂ ಬಿಡದೆ ಹೇಳಬೇಕು. ಹೇಳದೇ ಇದ್ದಿದ್ದನ್ನ ಅವನು ಮಾಡಲ್ಲ. ಹೇಳಿದ್ದನ್ನ ಬೇಡ ಅಂದ್ರೂ ಬಿಡಲ್ಲ."

"ಬಾಗಿಲು ತೆಗಿ ಅಂತ ಹೇಳಿ, ಮುಚ್ಚು ಅಂತ ಹೇಳೋದು ಮರೆತ್ರೆ?"

"ಮೇಕೆ ಎಲ್ಲಾ ಆಚೆ, ಮಾವ."

ಮಾವ ಕತ್ತರಿ ಕೆಳಗಿಟ್ಟು ಅಳಿಯನನ್ನು ಮೊದಲ ಸಲ ನೋಡುವಂತೆ ನೋಡಿದರು. "ಅಯ್ಯೋ, ಕಷ್ಟದ ಕೆಲಸ ಕಣ್ರೀ ನಿಮ್ಮದು! ಲೇ, ಇಲ್ಲಿ ಬಾರೇ, ಅಳಿಯಂದಿರು ಏನು ಕೆಲಸ ಮಾಡ್ತಾರೆ ಅಂತ ಹೇಳ್ತೀನಿ" ಎಂದು ಅತ್ತೆಯನ್ನು ಕೂಗಿದರು. ಅತ್ತೆ ಬಂದರು, ಹೆಂಡತಿ ಬಂದಳು, ಬೇಲಿಯಾಚೆಯಿಂದ ಪಕ್ಕದ ಮನೆಯವರೂ ಕತ್ತು ಚಾಚಿದರು. ಮಾವ ವಿವರಿಸುತ್ತ ಹೋದಂತೆ ದಡ್ಡ ಇನ್ನಷ್ಟು ದಡ್ಡನಾದ, ಮೇಕೆಗಳು ನೂರಾದವು, ಅಳಿಯ ದೊಡ್ಡ ಮನುಷ್ಯನಾದ. ಯಾರೂ ನೋಡದ ಆ ಹೊತ್ತಿನಲ್ಲಿ ಕಟ್ಟೆಯ ಮೇಲಿನ ಚೀಲಕ್ಕೆ ಬಾಯಿ ಹಾಕಿದ ಮೇಕೆ ಚಾರ್ಜರ್ ವೈರನ್ನು ಅರ್ಧಕ್ಕೆ ತಿಂದು ಮುಗಿಸಿತ್ತು.

ಹೀಗೆ ಬ್ರಾಕೆಟ್ ಹನ್ನೊಂದು ವರ್ಷದ ಹಿರಿತನ ಕಳೆದುಕೊಂಡ, ಕಿಟಕಿ ಪಕ್ಕದ ಜಾಗ ಕಳೆದುಕೊಂಡ, ಭಾನುವಾರದ ನಿದ್ದೆ ಮತ್ತು ಒಂದು ಚಾರ್ಜರ್ ಕಳೆದುಕೊಂಡ. ಮಾವ ಸಿಕ್ಕರು.